ಅಪರಿಸ್ರಾವಿ: ದೋಷದ ಗುಟ್ಟು, ಸಂಘದ ಹಕ್ಕು

‘ವಡ್ಡಾರಾಧನೆ’ಯ 19 ಕಥೆಗಳಿಗೆ ಆಧಾರ ಪ್ರಾಕೃತದ ‘ಭಗವತೀ ಆರಾಧನಾ’ ಗ್ರಂಥದ ಗಾಹೆಗಳು. ಜೈನ ಪರಿಭಾಷೆಯಲ್ಲಿ ‘ಆಲೋಚನೆ’ಯೆಂದರೆ ಗುರುವಿನೆದುರು ದೋಷನಿವೇದನೆ. ಅದನ್ನು ಕೇಳುವ ಆಚಾರ್ಯನು ‘ಅಪರಿಸ್ರಾವಿ’ಯಾಗಿರಬೇಕೆಂದು ಆ ಗ್ರಂಥ ವಿಧಿಸುತ್ತದೆ: ಕಾದ ಕಬ್ಬಿಣ ಹೀರಿದ ನೀರಿನಂತೆ ಕೇಳಿದ ದೋಷ ಹೊರಸೋರಕೂಡದು. ಗುಟ್ಟೊಡೆದ ಆಚಾರ್ಯನು ಆ ಮುನಿಯನ್ನೂ ತನ್ನನ್ನೂ ಸಂಘವನ್ನೂ ಕೈಬಿಟ್ಟಂತೆ.

ಬೌದ್ಧ ವಿನಯದಲ್ಲಿ ಲಘುದೋಷಕ್ಕೆ ಒಬ್ಬ ಭಿಕ್ಷುವಿನೆದುರಿನ ನಿವೇದನೆ ಸಾಕು. ‘ಸಂಘಾದಿಶೇಷ’ವೆಂಬ ಗುರುದೋಷವನ್ನು ಸಂಘವೇ ವಿಚಾರಿಸಬೇಕು, ಪ್ರಾಯಶ್ಚಿತ್ತ ಮುಗಿಸಿದವನನ್ನು ಮರಳಿ ಸೇರಿಸಿಕೊಳ್ಳಲು ಕನಿಷ್ಠ 20 ಭಿಕ್ಷುಗಳಿರಬೇಕು. ಆದರೂ ಸಂಘದ ಸಮ್ಮತಿಯಿಲ್ಲದೆ ಆ ದೋಷವನ್ನು ಹೊರಗಿನವರಿಗೆ ತಿಳಿಸುವುದು ಅಪರಾಧ.

ಸ್ವಇಚ್ಛೆಯಿಂದ ಸೇರಿದವರ ಸಂಘಕ್ಕೆ ಸೆರೆಮನೆಯಿಲ್ಲ, ನಂಬಿಕೆಯೇ ಬಲ. ಎಲ್ಲವನ್ನೂ ಬಯಲಿಗಿಟ್ಟರೆ ನಿವೇದನೆ ನಿಲ್ಲುತ್ತದೆ; ಎಲ್ಲವನ್ನೂ ಮುಚ್ಚಿದರೆ ನ್ಯಾಯ ಸಂಶಯಕ್ಕೀಡಾಗುತ್ತದೆ. ‘ವಡ್ಡಾರಾಧನೆ’ಯನ್ನು ಓದುವಾಗ ಯಾರು, ಯಾರೆದುರು, ಎಷ್ಟು ನುಡಿದರೆಂಬುದನ್ನು ವಿದ್ಯಾರ್ಥಿಗಳು ಗಮನಿಸಬೇಕು.