ಎಲುಬು ಮತ್ತು ಹಲ್ಲು: ಶರೀರಶಾಸ್ತ್ರದ ಒಂದು ಪಾಠ



ನಾವು ವಾಸಿಸುವ ಮನೆಯಲ್ಲಿ ಕಂಬಗಳೆಷ್ಟು, ಬಾಗಿಲುಗಳೆಷ್ಟು ಎಂದು ಕೇಳಿದರೆ ಚಿಕ್ಕ ಬಾಲಿಕೆಯೂ ಉತ್ತರ ಕೊಡಬಲ್ಲಳು. ಆದರೆ ಹುಟ್ಟಿದಂದಿನಿಂದ ನಮ್ಮೊಡನಿರುವ ಶರೀರವೆಂಬ ಮನೆಯ ಸಂಗತಿಯನ್ನು ಅರಿತವರು ವಿರಳ. ಈ ಅರಿವನ್ನು ಕೊಡುವ ಶಾಸ್ತ್ರಗಳು ಮುಖ್ಯವಾಗಿ ಎರಡು. ಶರೀರದ ಭಾಗಗಳು ಯಾವುವು, ಅವು ಎಲ್ಲಿವೆ, ಹೇಗೆ ರಚಿತವಾಗಿವೆ ಎಂಬುದನ್ನು ತಿಳಿಸುವುದು ಅಂಗರಚನಾಶಾಸ್ತ್ರ. ಆ ಭಾಗಗಳು ಮಾಡುವ ಕೆಲಸವೇನು ಎಂಬುದನ್ನು ತಿಳಿಸುವುದು ಅಂಗಕ್ರಿಯಾಶಾಸ್ತ್ರ. ಒಂದು ಗಡಿಯಾರದ ಚಕ್ರಗಳನ್ನು ಬಿಡಿಸಿ ನೋಡುವುದಕ್ಕೆ ಮೊದಲನೆಯದನ್ನೂ, ಅದು ನಡೆಯುವ ಬಗೆಯನ್ನು ತಿಳಿಯುವುದಕ್ಕೆ ಎರಡನೆಯದನ್ನೂ ಹೋಲಿಸಬಹುದು.

ಮೊದಲು ನಾಲ್ಕು ಪದಗಳನ್ನು ಮನಸ್ಸಿನಲ್ಲಿಟ್ಟುಕೊಳ್ಳತಕ್ಕದ್ದು. ಜೀವವುಳ್ಳ ವಸ್ತುವಿನ ಅತಿ ಸೂಕ್ಷ್ಮವಾದ ಘಟಕಕ್ಕೆ ಜೀವಕೋಶವೆಂದು ಹೆಸರು. ಒಂದೇ ಬಗೆಯ ಕೆಲಸಕ್ಕಾಗಿ ಕೂಡಿದ ಜೀವಕೋಶಗಳ ಸಮೂಹವು ಅಂಗಾಂಶ. ಹಲವು ಅಂಗಾಂಶಗಳು ಸೇರಿ ಹೃದಯ, ಜಠರ, ಮೂತ್ರಪಿಂಡ ಮೊದಲಾದ ಅಂಗಗಳಾಗುತ್ತವೆ. ಒಂದು ದೊಡ್ಡ ಕಾರ್ಯವನ್ನು ನೆರವೇರಿಸಲು ಕೂಡಿ ದುಡಿಯುವ ಅಂಗಗಳ ಗುಂಪಿಗೆ ಅಂಗವ್ಯೂಹವೆನ್ನುತ್ತಾರೆ. ಈ ಪಾಠದಲ್ಲಿ ಅಸ್ಥಿವ್ಯೂಹವನ್ನೂ, ಅದರ ನೆರೆಯವುಗಳಾದ ಹಲ್ಲುಗಳನ್ನೂ ಕುರಿತು ವಿಚಾರಮಾಡೋಣ. ಹಗರಿಬೊಮ್ಮನಹಳ್ಳಿ, ಕೂಡ್ಲಿಗಿ, ಹಡಗಲಿ ಸೀಮೆಯ ನಮಗೆ ಇದು ಪರೀಕ್ಷೆಗೆ ಮಾತ್ರ ಬೇಕಾದ ವಿಷಯವಲ್ಲವೆಂಬುದು ಮುಂದೆ ತಿಳಿಯುವುದು.

ಎಲುಬಿನ ರಚನೆ

ಬೆಳೆದ ಮನುಷ್ಯನ ಶರೀರದಲ್ಲಿ 206 ಎಲುಬುಗಳಿವೆ. ಹಸುಗೂಸಿನಲ್ಲಿ ಇದಕ್ಕಿಂತ ಹೆಚ್ಚಿದ್ದು, ವಯಸ್ಸಾಗುತ್ತ ಕೆಲವು ಒಂದರೊಡನೊಂದು ಬೆಸೆದುಕೊಳ್ಳುತ್ತವೆ. ಎಲ್ಲಕ್ಕಿಂತ ಉದ್ದವಾದುದು ತೊಡೆಯೆಲುಬು. ಎಲ್ಲಕ್ಕಿಂತ ಚಿಕ್ಕದು ಕಿವಿಯೊಳಗಿನ ರಿಕಾಪಿನಾಕಾರದ ಎಲುಬು. ತಲೆಬುರುಡೆಯು ಮೆದುಳನ್ನೂ, ಪಕ್ಕೆಲುಬುಗಳು ಹೃದಯ ಮತ್ತು ಶ್ವಾಸಕೋಶಗಳನ್ನೂ ಕಾಪಾಡುತ್ತವೆ. ಎಲುಬಿನ ಒಳಗಿರುವ ಕೆಂಪು ಮಜ್ಜೆಯು ರಕ್ತಕಣಗಳ ತವರುಮನೆ.

ಎಲುಬು ಯಾವುದರಿಂದಾಗಿದೆ? ಒಂದು ಸುಲಭ ಪರೀಕ್ಷೆಯನ್ನು ಮಾಡಿ ನೋಡಬಹುದು. ಕೋಳಿಯ ಕಾಲೆಲುಬೊಂದನ್ನು ಶುಚಿಮಾಡಿ ಕೆಲವು ದಿನ ವಿನೆಗರಿನಲ್ಲಿ ನೆನೆಹಾಕಿರಿ. ಅದರೊಳಗಿನ ಸುಣ್ಣದ ಅಂಶವು ಕರಗಿಹೋಗಿ, ಎಲುಬು ಬಳ್ಳಿಯಂತೆ ಬಾಗುವುದು. ನೆನೆಹಾಕದ ಇನ್ನೊಂದು ಎಲುಬನ್ನು ಬೆಂಕಿಯಲ್ಲಿ ಚೆನ್ನಾಗಿ ಸುಟ್ಟರೆ ನಾರಿನ ಅಂಶವು ಉರಿದುಹೋಗಿ, ಉಳಿದುದು ಮುಟ್ಟಿದರೆ ಪುಡಿಯಾಗುವುದು. ನಾರು ಬಾಗುವ ಗುಣವನ್ನೂ, ಸುಣ್ಣ ಮತ್ತು ರಂಜಕಗಳಿಂದಾದ ಲವಣವು ಗಟ್ಟಿತನವನ್ನೂ ಕೊಡುತ್ತವೆಂದು ಇದರಿಂದ ಸಿದ್ಧವಾಗುತ್ತದೆ.

ಎಲುಬು ಜೀವವುಳ್ಳದ್ದು

ಎಲುಬನ್ನು ಕಲ್ಲಿನಂತೆ ಜಡವಾದ ವಸ್ತುವೆಂದು ಅನೇಕರು ಭಾವಿಸುತ್ತಾರೆ. ಇದು ಸರಿಯಲ್ಲ. ಅದರಲ್ಲಿ ರಕ್ತನಾಳಗಳೂ ನರಗಳೂ ಜೀವಕೋಶಗಳೂ ಇವೆ. ಒಂದು ಜಾತಿಯ ಜೀವಕೋಶಗಳು ಹಳೆಯ ಎಲುಬನ್ನು ಕರಗಿಸುತ್ತಿದ್ದರೆ, ಇನ್ನೊಂದು ಜಾತಿಯವು ಹೊಸದನ್ನು ಕಟ್ಟುತ್ತಿರುತ್ತವೆ. ಆದುದರಿಂದಲೇ ಮುರಿದ ಕೈ ಕೂಡಿಕೊಳ್ಳುತ್ತದೆ.

ನಮ್ಮ ಹಿರಿಯರು ಸುಗ್ಗಿಯ ಜೋಳವನ್ನು ಹಗೇವಿನಲ್ಲಿ ತುಂಬಿಟ್ಟು ಬರಗಾಲದಲ್ಲಿ ತೆಗೆಯುತ್ತಿದ್ದರಷ್ಟೆ. ಎಲುಬು ಸಹ ಅಂತಹ ಹಗೇವು. ಶರೀರದ ಕ್ಯಾಲ್ಸಿಯಮ್ಮಿನಲ್ಲಿ ನೂರಕ್ಕೆ 99 ಭಾಗ ಎಲುಬು ಮತ್ತು ಹಲ್ಲುಗಳಲ್ಲಿದೆ. ಉಳಿದ ಒಂದು ಭಾಗವು ಹೃದಯದ ಬಡಿತಕ್ಕೂ, ಸ್ನಾಯುಗಳ ಚಲನೆಗೂ, ರಕ್ತ ಹೆಪ್ಪುಗಟ್ಟುವುದಕ್ಕೂ ಬೇಕು. ಆಹಾರದಲ್ಲಿ ಅದು ಸಾಲದಾದರೆ ಶರೀರವು ಎಲುಬಿನ ಹಗೇವಿಗೆ ಕೈಹಾಕುತ್ತದೆ. ಹುಡುಗಿಯರ ಎಲುಬಿನ ಬಹುಭಾಗವು 18 ವರ್ಷದೊಳಗಾಗಿ ತುಂಬಿಕೊಳ್ಳುವುದರಿಂದ, ನೀವು ಶಾಲೆಯಲ್ಲಿರುವ ಈ ಕಾಲವೇ ನಿಮ್ಮ ಸುಗ್ಗಿಯ ಕಾಲ.

ಹಲ್ಲಿನ ವಿಶೇಷ

ಹಾಲುಹಲ್ಲುಗಳು 20, ಶಾಶ್ವತ ಹಲ್ಲುಗಳು 32. ಹಲ್ಲಿನ ನಡುವೆ ರಕ್ತನಾಳ, ನರಗಳಿಂದ ಕೂಡಿದ ಮೃದುವಾದ ತಿರುಳಿದೆ. ಅದರ ಸುತ್ತ ದಂತದ್ರವ್ಯ. ಹೊರಗಡೆ ಹೊಳೆಯುವ ಹೊದಿಕೆಯೇ ಎನಾಮಲ್. ಶರೀರದಲ್ಲಿ ಎನಾಮಲಿಗಿಂತ ಗಟ್ಟಿಯಾದ ಪದಾರ್ಥವಿಲ್ಲ. ಆದರೆ ಅದಕ್ಕೊಂದು ಕೊರತೆಯುಂಟು. ಅದನ್ನು ಕಟ್ಟಿದ ಜೀವಕೋಶಗಳು ಹಲ್ಲು ಮೂಡುವ ಹೊತ್ತಿಗೆ ಅಳಿದುಹೋಗುತ್ತವೆ. ಮುರಿದ ಎಲುಬು ಕೂಡೀತು. ಕೆಟ್ಟ ಎನಾಮಲ್ ಮತ್ತೆ ಬೆಳೆಯದು. ಕೊನೆಯ ದವಡೆಹಲ್ಲುಗಳ ಹೊರತು ಉಳಿದ ಶಾಶ್ವತ ಹಲ್ಲುಗಳ ಎನಾಮಲ್ ಸುಮಾರು ಎಂಟು ವರ್ಷದೊಳಗಾಗಿ ದವಡೆಯೊಳಗೇ ಸಿದ್ಧವಾಗುತ್ತದೆ. ಆ ಕಾಲದಲ್ಲಿ ಆದ ದೋಷವು ಜೀವಮಾನವೆಲ್ಲ ಉಳಿಯುವುದು.

ನಮ್ಮ ಸೀಮೆಯ ನೀರು

ಬಯಲುಸೀಮೆಯ ಕೆಲವು ಊರುಗಳಲ್ಲಿ ಮಕ್ಕಳ ಹಲ್ಲುಗಳ ಮೇಲೆ ಸುಣ್ಣದಂತಹ ಬಿಳಿ ಮಚ್ಚೆಗಳೂ ಕಂದುಬಣ್ಣದ ಗೆರೆಗಳೂ ಕಾಣುವುದನ್ನು ನೀವು ನೋಡಿರಬಹುದು. ಎಷ್ಟು ಉಜ್ಜಿದರೂ ಅವು ಹೋಗವು. ನೋಡಿದವರು ಇದನ್ನು ಹಲ್ಲುಜ್ಜದ ಸೋಮಾರಿತನವೆಂದು ಹಳಿಯುತ್ತಾರೆ. ಹುಡುಗಿಯರು ಬಾಯಿಗೆ ಸೆರಗು ಅಡ್ಡವಿಟ್ಟು ನಗುತ್ತಾರೆ. ಆದರೆ ಈ ಬಗೆಯ ಕಲೆಗೆ ಸಾಮಾನ್ಯವಾಗಿ ಕಾರಣ ಕೊಳಕಲ್ಲ, ಕುಡಿಯುವ ನೀರಿನಲ್ಲಿರುವ ಫ್ಲೋರೈಡ್.

ನಮ್ಮ ನೆಲದಡಿಯ ಬಂಡೆಗಳಲ್ಲಿ ಫ್ಲೋರೈಡ್ ಇರುವ ಖನಿಜಗಳಿವೆ. ಮಳೆ ಕಡಿಮೆಯಾದ ಸೀಮೆಯಲ್ಲಿ ನೀರು ಬಹುಕಾಲ ಬಂಡೆಗಳ ನಡುವೆ ನಿಂತು ಆ ಅಂಶವನ್ನು ಹೀರಿಕೊಳ್ಳುತ್ತದೆ. ಕೊಳವೆಬಾವಿಯ ಮೂಲಕ ಅದು ಕೊಡಕ್ಕೆ ಬರುತ್ತದೆ. ಅಲ್ಪ ಪ್ರಮಾಣದಲ್ಲಿ ಇದು ಹಲ್ಲಿಗೆ ಹಿತವೇ. ಆದರೆ ಅತಿಯಾದರೆ ಅಮೃತವೂ ವಿಷವೆಂಬ ಗಾದೆ ಇಲ್ಲಿ ಸಲ್ಲುತ್ತದೆ. ಒಂದು ಲೀಟರಿಗೆ 1.5 ಮಿಲಿಗ್ರಾಮಿಗಿಂತ ಹೆಚ್ಚಿರಬಾರದೆಂದು ವಿಶ್ವ ಆರೋಗ್ಯ ಸಂಸ್ಥೆಯು ಹೇಳುತ್ತದೆ. ಭಾರತದ ಮಾನಕವು 1 ಮಿಲಿಗ್ರಾಮನ್ನೇ ಒಪ್ಪತಕ್ಕ ಮಿತಿಯನ್ನಾಗಿ ಇಟ್ಟುಕೊಂಡಿದೆ. ಬಿಸಿಲಿನಲ್ಲಿ ದುಡಿಯುವವರು ಹೆಚ್ಚು ನೀರನ್ನು ಕುಡಿಯುವುದರಿಂದ ಅವರ ಒಡಲಿಗೆ ಸೇರುವ ಫ್ಲೋರೈಡೂ ಹೆಚ್ಚು.

ಸೇರಿದುದರಲ್ಲಿ ಒಂದು ಭಾಗವನ್ನು ಮೂತ್ರಪಿಂಡಗಳು ಹೊರಹಾಕುತ್ತವೆ. ಉಳಿದುದು ಎಲುಬಿನಲ್ಲಿ ನಿಲ್ಲುತ್ತದೆ. ಬಹುವರ್ಷ ಹೀಗಾದರೆ ಕೀಲುಗಳು ನೋಯುತ್ತವೆ, ಕತ್ತು ಬೆನ್ನುಗಳು ಬಿಗಿದುಕೊಳ್ಳುತ್ತವೆ, ಕೆಲವರು ಬಾಗಿಯೇ ನಡೆಯಬೇಕಾಗುತ್ತದೆ. 1937ರಲ್ಲಿ ವೈದ್ಯ ಶಾರ್ಟ್ ಮತ್ತು ಅವರ ಸಂಗಡಿಗರು ಮದ್ರಾಸು ಪ್ರಾಂತದಲ್ಲಿ ಕಂಡ ಈ ವ್ಯಾಧಿಯನ್ನು ಕುರಿತು ಪ್ರಕಟಿಸಿದರು. ಆಗ ಬಳ್ಳಾರಿ ಜಿಲ್ಲೆಯೂ ಅದೇ ಪ್ರಾಂತಕ್ಕೆ ಸೇರಿದ್ದಿತು; 1953ರಲ್ಲಿ ಅದರ ಕನ್ನಡ ತಾಲ್ಲೂಕುಗಳು ಮೈಸೂರಿಗೆ ಬಂದವು.

ನಾವು ಮಾಡಬೇಕಾದುದು

ಮೊದಲನೆಯದಾಗಿ, ನೀರನ್ನು ಕುದಿಸಿದರೆ ರೋಗಾಣುಗಳು ಸಾಯುತ್ತವೆಯೇ ಹೊರತು ಫ್ಲೋರೈಡ್ ಹೋಗುವುದಿಲ್ಲ. ನೀರು ಆವಿಯಾದಷ್ಟೂ ಉಳಿದುದರಲ್ಲಿ ಅದರ ಸಾಂದ್ರತೆ ಹೆಚ್ಚುವುದು. ಕಣ್ಣಿಗೆ ತಿಳಿಯಾದ, ನಾಲಿಗೆಗೆ ಸಿಹಿಯಾದ ನೀರೆಲ್ಲ ಒಳ್ಳೆಯದೆಂದೂ ನಂಬಲಾಗದು. ಫ್ಲೋರೈಡಿಗೆ ಬಣ್ಣವಿಲ್ಲ, ವಾಸನೆಯಿಲ್ಲ. ಪರೀಕ್ಷೆಯೊಂದೇ ಉಪಾಯ.

ಎರಡನೆಯದಾಗಿ, ಸೀಮೆಯ ನೀರನ್ನು ಪರೀಕ್ಷಿಸಿ, ದೋಷವಿದ್ದಲ್ಲಿ ಕುಡಿಯುವುದಕ್ಕೂ ಅಡಿಗೆಗೂ ಶುದ್ಧೀಕರಿಸಿದ ನೀರನ್ನೋ, ನದಿಯ ನೀರನ್ನೋ, ಶುಚಿಯಾಗಿ ಹಿಡಿದ ಮಳೆಯ ನೀರನ್ನೋ ಉಪಯೋಗಿಸಬೇಕು. ಮೈ ತೊಳೆಯುವುದಕ್ಕೆ, ಬಟ್ಟೆ ಒಗೆಯುವುದಕ್ಕೆ ಕೊಳವೆಬಾವಿಯ ನೀರು ಸಾಕು. ಮನೆಯ ಶುದ್ಧ ನೀರು ಸ್ವಲ್ಪವೇ ಇದ್ದರೆ ಅದರ ಮೊದಲ ಪಾಲು ಎಂಟು ವರ್ಷದೊಳಗಿನ ಮಕ್ಕಳಿಗೆ ಸಲ್ಲತಕ್ಕದ್ದು. ಏಕೆಂಬುದನ್ನು ಮೇಲೆ ಓದಿದ್ದೀರಿ.

ಮೂರನೆಯದಾಗಿ, ಆಹಾರ. ನಮ್ಮ ನಿತ್ಯದ ಜೋಳದಲ್ಲಿ 100 ಗ್ರಾಮಿಗೆ ಸುಮಾರು 25 ಮಿಲಿಗ್ರಾಂ ಕ್ಯಾಲ್ಸಿಯಮ್ ಇದ್ದರೆ, ರಾಗಿಯಲ್ಲಿ ಸುಮಾರು 350 ಮಿಲಿಗ್ರಾಂ ಇದೆ. ಜೋಳದ ರೊಟ್ಟಿಯನ್ನು ಬಿಡಬೇಕೆಂದಲ್ಲ. ಅದರ ಜೊತೆಗೆ ರಾಗಿ, ಹಾಲು, ಮಜ್ಜಿಗೆ, ಎಳ್ಳು, ಸೊಪ್ಪುಗಳನ್ನು ಸೇರಿಸಬೇಕು. ಕ್ಯಾಲ್ಸಿಯಮ್ ಸಾಕಷ್ಟಿರುವ ಶರೀರಕ್ಕೆ ಫ್ಲೋರೈಡಿನ ಬಾಧೆ ಕಡಿಮೆ.

ಕೊನೆಯದಾಗಿ, ಕಲೆಬಿದ್ದ ಹಲ್ಲಿನ ಸಹಪಾಠಿಯನ್ನು ಕಂಡರೆ ಹಾಸ್ಯಮಾಡದಿರಿ. ಅದು ಅವಳ ತಪ್ಪಲ್ಲ. ಅವಳು ಶಿಶುವಾಗಿದ್ದಾಗ ಕುಡಿದ ನೀರಿನ ಗುರುತು. ಅದಕ್ಕೆ ಬದಲಾಗಿ ಅವಳ ಮನೆಯಲ್ಲಿ ತಮ್ಮ ತಂಗಿಯರಿದ್ದಾರೆಯೇ, ಅವರು ಯಾವ ನೀರನ್ನು ಕುಡಿಯುತ್ತಿದ್ದಾರೆ ಎಂದು ಕೇಳಿರಿ. ಅವರ ಹಲ್ಲುಗಳು ಇನ್ನೂ ದವಡೆಯೊಳಗೆ ರೂಪುಗೊಳ್ಳುತ್ತಿರಬಹುದು. ಅವುಗಳನ್ನು ಉಳಿಸಿಕೊಳ್ಳುವ ಕಾಲ ಮೀರಿಲ್ಲ.