ಋತುನಾಮಗಳೂ ಇಂಗ್ಲಿಷಿನ ದೊಡ್ಡಕ್ಷರವೂ

ಕನ್ನಡ ಲಿಪಿಯಲ್ಲಿ ದೊಡ್ಡಕ್ಷರ, ಸಣ್ಣಕ್ಷರಗಳೆಂಬ ಭೇದವಿಲ್ಲ. ಆದುದರಿಂದಲೇ ನಮ್ಮ ಮಕ್ಕಳು ಇಂಗ್ಲಿಷ್ ಬರೆಯುವಾಗ ಎಡವುತ್ತಾರೆ. ‘ಸಮ್ಮರ್’ ಶಬ್ದವನ್ನು ವಾಕ್ಯದ ನಡುವೆ ದೊಡ್ಡಕ್ಷರದಿಂದ ಬರೆದು ಅಂಕ ಕಳೆದುಕೊಂಡ ವಿದ್ಯಾರ್ಥಿಯೊಬ್ಬನು, “ಏಪ್ರಿಲ್ಲಿಗೆ ಸಲ್ಲುವ ಮರ್ಯಾದೆ ಬೇಸಿಗೆಗೇಕಿಲ್ಲ, ಗುರುಗಳೇ?” ಎಂದು ನನ್ನನ್ನು ಕೇಳಿದನು. ಕನ್ನಡ ಪಂಡಿತನನ್ನು ಕೇಳಿದುದು ವಿಚಿತ್ರವೇ ಸರಿ. ಆದರೆ ಉತ್ತರವು ನಮ್ಮ ವ್ಯಾಕರಣದ ಪರಿಭಾಷೆಯಲ್ಲಿಯೇ ಇದೆ.

ಅಂಕಿತನಾಮಕ್ಕೆ ದೊಡ್ಡಕ್ಷರ, ರೂಢನಾಮಕ್ಕೆ ಸಣ್ಣಕ್ಷರ. ಜುಲೈ, ಆಗಸ್ಟ್‌ಗಳು ಜೂಲಿಯಸ್ ಸೀಸರ್, ಆಗಸ್ಟಸ್ ಎಂಬ ರೋಮನ್ ಪ್ರಭುಗಳ ಹೆಸರುಗಳು. ಥರ್ಸ್‌ಡೇ ಎಂಬುದು ಥಾರ್ ದೇವತೆಯ ದಿನ. ಸೆಪ್ಟೆಂಬರಿನ ಮೂಲದಲ್ಲಿರುವುದು ಏಳೆಂಬ ಬರಿಯ ಸಂಖ್ಯೆ. ಆದರೂ ಪಂಕ್ತಿಯಲ್ಲಿ ಕುಳಿತುದರಿಂದ ಅದಕ್ಕೂ ಬಡಿಸಿದ್ದಾರೆ! ಸ್ಪ್ರಿಂಗ್ ಎಂದರಾದರೋ ಚಿಮ್ಮುವುದು, ಸಾಮಾನ್ಯ ಶಬ್ದ. ಋತುಗಳಿಗೆ ಸಣ್ಣಕ್ಷರವೇ ಸಲ್ಲುತ್ತದೆ. ವಾಕ್ಯಾರಂಭದಲ್ಲಿ, ‘ವಿಂಟರ್ ಒಲಿಂಪಿಕ್ಸ್’ ಎಂಬಂತಹ ಅಂಕಿತದೊಳಗೆ ಮಾತ್ರ ದೊಡ್ಡದು.

ಆ ಬಾಲಕನು ತನ್ನ ಪರವಾಗಿ ಹಳೆಯ ಪದ್ಯಪುಸ್ತಕವೊಂದನ್ನು ತಂದು ತೋರಿಸಿದನು. ಅಲ್ಲಿ ಋತುವಿಗೆ ದೊಡ್ಡಕ್ಷರವೇ ಇತ್ತು. ಕವಿಯು ಋತುವನ್ನು ವ್ಯಕ್ತಿಯೆಂದು ಭಾವಿಸಿ ಸಂಬೋಧಿಸಿದಾಗ ರೂಢವೇ ಅಂಕಿತವಾಗುತ್ತದೆ. ಅವನದು ಅಜ್ಞಾನವಲ್ಲ, ಪದ್ಯದ ಪದ್ಧತಿಯನ್ನು ಗದ್ಯಕ್ಕೆ ತಂದ ದೋಷವೆಂದು ತಿಳಿಸಿ, ಪುಸ್ತಕವನ್ನು ಹಿಂದಿರುಗಿಸಿದೆನು.