ಹಳೆಯ ಪಿಕಪ್ ಗಾಡಿಗೆ ಬೇರೆ ಇಂಜಿನನ್ನು ಜೋಡಿಸುವ ವಿಚಾರ

ಚಿತ್ರದುರ್ಗ ಜಿಲ್ಲೆಯ ಚಳ್ಳಕೆರೆ ಮತ್ತು ಮೊಳಕಾಲ್ಮೂರು ತಾಲ್ಲೂಕುಗಳು ರಾಜ್ಯದಲ್ಲಿ ಅತಿ ಕಡಮೆ ಮಳೆ ಬೀಳುವ ಸೀಮೆಗಳಲ್ಲಿ ಸೇರಿದವು. ವರ್ಷದ ಮಳೆಯು 500 ಮಿಲಿಮೀಟರಿನ ಆಸುಪಾಸಿನಲ್ಲಿಯೇ ಇರುವುದು. ಬ್ರಹ್ಮಗಿರಿಯ ಸುತ್ತಣ ಕೆಂಪು ಭೂಮಿಯಲ್ಲಿ ಶೇಂಗಾ ಬೆಳೆಯುವ ರೈತನಿಗೆ, ಬಿದ್ದ ಮಳೆಯಲ್ಲಿ ಕೈಗೆ ಬಂದ ಫಸಲನ್ನು ಸಕಾಲದಲ್ಲಿ ಚಳ್ಳಕೆರೆಯ ಎಣ್ಣೆ ಗಿರಣಿಗಳಿಗೋ ಬಳ್ಳಾರಿಯ ಪೇಟೆಗೋ ಮುಟ್ಟಿಸುವುದು ಬೆಳೆಯುವಷ್ಟೇ ದೊಡ್ಡ ಕೆಲಸವಾಗಿದೆ. ಬಾಡಿಗೆ ಗಾಡಿಗೆ ಕಾದು ಕುಳಿತರೆ ಪೇಟೆಯ ಧಾರಣೆಯು ಕಾಯುವುದಿಲ್ಲ. ಆದುದರಿಂದ ಹಳೆಯ ಜೀಪು ಜಾತಿಯ ಪಿಕಪ್ ಗಾಡಿಯೊಂದನ್ನು ಇಟ್ಟುಕೊಂಡಿರುವವನು ಅದನ್ನು ಸುಲಭವಾಗಿ ಬಿಡಲು ಒಪ್ಪುವುದಿಲ್ಲ. ಇಂಜಿನು ಸವೆದು ಗಾಡಿ ನಿಂತಾಗ, ಇನ್ನೊಂದು ಇಂಜಿನನ್ನು ತಂದು ಅದರೊಳಗೆ ಕೂರಿಸಿದರೆ ಹೇಗೆ ಎಂಬ ಯೋಚನೆಯು ಅವನಿಗೆ ಬರುವುದು ಸಹಜ. ಈ ಕೆಲಸವು ಎಲ್ಲಿ ಲಾಭಕರ, ಎಲ್ಲಿ ನಷ್ಟಕ್ಕೂ ಅಪಾಯಕ್ಕೂ ದಾರಿ ಎಂಬುದನ್ನು ತಿಳಿದುಕೊಂಡು ಕೈಹಾಕಬೇಕು.

ಗಾಡಿಯ ಮೂಲರೂಪಕ್ಕೆ ಬದಲಾವಣೆ ಮಾಡುವುದು ಈ ಸೀಮೆಗೆ ಹೊಸದಲ್ಲ. ಎರಡನೆಯ ಮಹಾಯುದ್ಧದ ಕಾಲದಲ್ಲಿ ಪೆಟ್ರೋಲಿಗೆ ಪಡಿತರ ಬಂದಾಗ ಮೈಸೂರು ಸಂಸ್ಥಾನದ ಬಸ್ಸು ಲಾರಿಗಳ ಹಿಂಬದಿಗೆ ಇದ್ದಿಲು ಗ್ಯಾಸಿನ ಒಲೆಯನ್ನು ಕಟ್ಟಿ ಓಡಿಸುತ್ತಿದ್ದರು. ಆಗ ಇಂಜಿನು ಅದೇ ಉಳಿದು ಉರುವಲು ಮಾತ್ರ ಬದಲಾಯಿತು. ಆದರೂ ಬಲದಲ್ಲಿ ಮೂರರಲ್ಲೊಂದು ಪಾಲಿಗಿಂತಲೂ ಹೆಚ್ಚು ಕುಗ್ಗಿ, ಏರುಗಳಲ್ಲಿ ಪ್ರಯಾಣಿಕರು ಇಳಿದು ತಳ್ಳಬೇಕಾಗುತ್ತಿತ್ತು. ಯುದ್ಧಾನಂತರ ಮುಂಬಯಿಯಲ್ಲಿ ಮಹೀಂದ್ರಾ ಕಂಪೆನಿಯವರು ಅಮೆರಿಕೆಯ ವಿಲ್ಲೀಸ್ ಜೀಪುಗಳನ್ನು ಜೋಡಿಸತೊಡಗಿದರು. ಇವುಗಳಲ್ಲಿ ಬಹುಕಾಲ ಬಳಕೆಯಲ್ಲಿದ್ದುದು ಸುಮಾರು 2,200 ಘನ ಸೆಂಟಿಮೀಟರಿನ ನಾಲ್ಕು ಸಿಲಿಂಡರಿನ ಪೆಟ್ರೋಲ್ ಇಂಜಿನು. ಮುಂದೆ ಡೀಸೆಲಿನ ಅಗ್ಗಕ್ಕೆ ಮನಸೋತು ಅನೇಕರು ಆ ಇಂಜಿನನ್ನು ತೆಗೆದು ಟ್ರ್ಯಾಕ್ಟರಿನ ಡೀಸೆಲ್ ಇಂಜಿನನ್ನು ಹಾಕಿಸಿದರು. ಕಂಪೆನಿಯವರೂ ಇಂಟರ್‌ನ್ಯಾಷನಲ್ ಮತ್ತು ಪ್ಯೂಜೋ ಮೂಲದ ಡೀಸೆಲ್ ಇಂಜಿನುಗಳನ್ನು ಜೀಪುಗಳಲ್ಲಿ ಇಟ್ಟು ಮಾರಿದರು. ಮೂಗಿಲ್ಲದ ಎಫ್.ಸಿ. ಪಿಕಪ್ಪುಗಳೂ ಇದೇ ವಂಶದವು. ಅವುಗಳಲ್ಲಿ ಇಂಜಿನು ಚಾಲಕನ ಪಕ್ಕದಲ್ಲಿಯೇ ಪೆಟ್ಟಿಗೆಯೊಳಗೆ ಇರುವುದರಿಂದ ಕಾವು ಮತ್ತು ಹೊಗೆಯ ವಿಷಯದಲ್ಲಿ ಎರಡುಪಟ್ಟು ಎಚ್ಚರಿಕೆ ಬೇಕು.

ಮೊದಲು ನಿಶ್ಚಯಿಸತಕ್ಕದ್ದು, ಹಳೆಯ ಇಂಜಿನು ನಿಜವಾಗಿಯೂ ಹೋಗಿದೆಯೇ ಎಂಬುದನ್ನು. ಕಂಪ್ರೆಷನ್ ಅಳೆಯುವ ಗೇಜನ್ನು ಒಂದೊಂದು ಸಿಲಿಂಡರಿಗೂ ಇಟ್ಟು ನೋಡಬೇಕು. ಒತ್ತಡ ಕಡಮೆಯಿರುವ ಸಿಲಿಂಡರಿಗೆ ಒಂದು ಚಮಚ ಇಂಜಿನ್ ಎಣ್ಣೆಯನ್ನು ಹಾಕಿ ಮತ್ತೆ ಅಳೆದಾಗ ಒತ್ತಡ ಏರಿದರೆ ಸವೆದಿರುವುದು ರಿಂಗು ಮತ್ತು ಬೋರು. ಏರದಿದ್ದರೆ ದೋಷವು ವಾಲ್ವುಗಳಲ್ಲಿ ಅಥವಾ ಹೆಡ್ ಗ್ಯಾಸ್ಕೆಟ್ಟಿನಲ್ಲಿ. ವಾಲ್ವು ಅರೆಯುವುದರಿಂದ ತೀರುವ ಕಾಯಿಲೆಗೆ ಇಂಜಿನನ್ನೇ ಕಿತ್ತೆಸೆಯುವುದು, ಹಲ್ಲುನೋವಿಗೆ ತಲೆಯನ್ನು ತೆಗೆಸಿದಂತಾಗುವುದು. ಬೋರು ಸವೆದಿದ್ದರೂ ಸ್ಲೀವು ಹಾಕಿಸಿ, ಕ್ರ್ಯಾಂಕನ್ನು ಅರೆಯಿಸಿ, ಹೊಸ ಪಿಸ್ಟನ್ನು ಕೂರಿಸುವ ಕೆಲಸವು ಲೇತು ಇರುವ ಯಾವ ಪಟ್ಟಣದಲ್ಲಿಯೂ ಆಗುವುದು.

ಎರಡನೆಯದಾಗಿ ಲೆಕ್ಕ. ಉದಾಹರಣೆಗೆ, ಲೀಟರಿಗೆ 7 ಕಿಲೋಮೀಟರು ಓಡುತ್ತಿದ್ದ ಪೆಟ್ರೋಲ್ ಗಾಡಿಯು ಡೀಸೆಲಿನಲ್ಲಿ 11 ಕಿಲೋಮೀಟರು ಓಡುವಂತಾಯಿತೆಂದು ಭಾವಿಸಬಹುದು. ವರ್ಷಕ್ಕೆ 6,000 ಕಿಲೋಮೀಟರು ಓಡುವ ಗಾಡಿಗೆ ಮೊದಲು 857 ಲೀಟರು ಬೇಕಾಗಿದ್ದರೆ ಈಗ 545 ಲೀಟರು ಸಾಕು. ಉಳಿಯುವುದು 312 ಲೀಟರು. ಲೆಕ್ಕದ ಸೌಕರ್ಯಕ್ಕಾಗಿ ಎರಡಕ್ಕೂ ಲೀಟರಿಗೆ 100 ರೂಪಾಯಿ ಹಿಡಿದರೆ ವರ್ಷದ ಉಳಿತಾಯ 31,200 ರೂಪಾಯಿ. ಇಂಜಿನು, ಜೋಡಣೆ, ಕೂಲಿ ಎಲ್ಲ ಸೇರಿ 1,50,000 ರೂಪಾಯಿ ಖರ್ಚಾದರೆ ಅದು ಐದು ವರ್ಷಕ್ಕೆ ಮುಂಚೆಯೇ ತೀರುವುದು. ಆದರೆ ಸುಗ್ಗಿಯ ಎರಡು ತಿಂಗಳು ಮಾತ್ರ ಹೊರಡುವ, ವರ್ಷಕ್ಕೆ 1,500 ಕಿಲೋಮೀಟರು ಓಡುವ ಗಾಡಿಯಲ್ಲಿ ಉಳಿತಾಯವು 7,800 ರೂಪಾಯಿ. ಅದೇ ಖರ್ಚು ತೀರಲು ಹತ್ತೊಂಬತ್ತು ವರ್ಷ ಬೇಕು. ಅಷ್ಟರೊಳಗೆ ಗಾಡಿಯ ತಗಡು ಉಳಿದಿರುವುದೇ ಸಂಶಯ. ತನ್ನ ಗಾಡಿ ಎಷ್ಟು ಓಡುತ್ತದೆ ಎಂಬುದನ್ನು ಬರೆದಿಟ್ಟುಕೊಳ್ಳದ ರೈತನು ಈ ವಿಚಾರದಲ್ಲಿ ಕತ್ತಲೆಯಲ್ಲಿ ಕೈಯಾಡಿಸಿದಂತೆ. ಅಂತಹವನು ಒಂದು ವರ್ಷ ಬರೆದು ನೋಡಿ ಆಮೇಲೆ ನಿರ್ಧರಿಸುವುದು ಮೇಲು.

ಮೂರನೆಯದು ಚಾಸಿ. ಇಂಜಿನು ಹೊಸದಾದರೂ ಅದನ್ನು ಹೊರುವ ಚೌಕಟ್ಟು ಹಳೆಯದೇ. ಕಮಾನು ಪಟ್ಟಿಗಳ ಹಿಡಿಕೆ, ಸ್ಟೀರಿಂಗ್ ಬಾಕ್ಸು ಕೂರುವ ಜಾಗ, ಅಡ್ಡಪಟ್ಟಿಗಳ ಸಂದು, ಇವುಗಳಲ್ಲಿ ಮಣ್ಣು ಕೂತು ತುಕ್ಕು ಒಳಗಿನಿಂದಲೇ ತಿನ್ನುವುದು. ಬಣ್ಣವನ್ನು ನೋಡಿ ಮೋಸಹೋಗದೆ, ಸುತ್ತಿಗೆಯಿಂದ ತಟ್ಟಿ ಸದ್ದನ್ನು ಕೇಳಬೇಕು. 1947ರಲ್ಲಿ ಬ್ರಹ್ಮಗಿರಿಯಲ್ಲಿ ಮಾರ್ಟಿಮರ್ ವ್ಹೀಲರ್ ಅವರು ನಡೆಸಿದ ಉತ್ಖನನದಲ್ಲಿ ಬೃಹತ್ ಶಿಲಾಸಮಾಧಿಗಳೊಳಗಿನಿಂದ ಕಬ್ಬಿಣದ ಆಯುಧಗಳು ದೊರೆತುವು. ಎರಡು ಸಾವಿರ ವರ್ಷ ಹೂತಿದ್ದ ಕಬ್ಬಿಣವೇ ಉಳಿದಿರುವ ಈ ಒಣ ಸೀಮೆಯಲ್ಲಿ ಗಾಡಿಗೆ ತುಕ್ಕಿನ ಭಯವಿಲ್ಲವೆಂದು ಯಾರೂ ತಿಳಿಯಬಾರದು. ಗೊಬ್ಬರದ ಚೀಲ ಹೊತ್ತ ಗಾಡಿಯ ತಳವು ಉಪ್ಪಿನಲ್ಲಿ ನೆನೆದಂತೆಯೇ ಸರಿ.

ಇನ್ನು ಜೋಡಣೆಯ ಮರ್ಮಕ್ಕೆ ಬರಬಹುದು. ಹೆಚ್ಚಿನ ಜನರು ಅಶ್ವಶಕ್ತಿಯನ್ನು ಮಾತ್ರ ಕೇಳುವರು. ಆದರೆ ಗಾಡಿಗೆ ಹೊಂದುವುದೋ ಇಲ್ಲವೋ ಎಂಬುದು ಇಂಜಿನಿನ ಸುತ್ತುಗಳಿಂದ ತಿಳಿಯತಕ್ಕದ್ದು. ಹಳೆಯ ಜೀಪಿನ ಹಿಂದಿನ ಆಕ್ಸಲಿನಲ್ಲಿ ಪಿನಿಯನ್ನಿಗೆ 8 ಹಲ್ಲು, ಕ್ರೌನಿಗೆ 43 ಹಲ್ಲು ಇರುವುದುಂಟು. ಅಂದರೆ ಚಕ್ರ ಒಂದು ಸುತ್ತು ತಿರುಗಲು ಪ್ರೊಪೆಲ್ಲರ್ ಶಾಫ್ಟು 5.375 ಸುತ್ತು ತಿರುಗಬೇಕು. ಚಕ್ರದ ಸುತ್ತಳತೆಯನ್ನು 2.25 ಮೀಟರೆಂದು ಹಿಡಿದರೆ, ನಿಮಿಷಕ್ಕೆ 4,000 ಸುತ್ತು ತಿರುಗಬಲ್ಲ ಪೆಟ್ರೋಲ್ ಇಂಜಿನಿನಿಂದ ಮೇಲಿನ ಗೇರಿನಲ್ಲಿ ಗಂಟೆಗೆ ಸುಮಾರು 100 ಕಿಲೋಮೀಟರು ವೇಗ ಬರುವುದು. ಅದೇ ಆಕ್ಸಲಿಗೆ, ನಿಮಿಷಕ್ಕೆ ಸುಮಾರು 2,000 ಸುತ್ತಿಗೆ ನಿಲ್ಲಿಸಿರುವ ಟ್ರ್ಯಾಕ್ಟರ್ ಇಂಜಿನನ್ನು ಕಟ್ಟಿದರೆ ವೇಗವು 50 ಕಿಲೋಮೀಟರಿಗೆ ನಿಲ್ಲುವುದು. ಹೊಲದ ದಾರಿಗೆ ಇದು ಸಾಕು. ಆದರೆ ತಳಕು, ರಾಂಪುರಗಳ ಮೂಲಕ ಬಳ್ಳಾರಿಗೆ ಹೋಗುವ ಹೆದ್ದಾರಿಯಲ್ಲಿ ಹಿಂದಿನಿಂದ ಬರುವ ಲಾರಿಗಳ ನಡುವೆ ಇದು ಅಪಾಯ. ಚಾಲಕನು ಸಹನೆಗೆಟ್ಟು ಗವರ್ನರಿನ ಸ್ಕ್ರೂವನ್ನು ತಿರುಗಿಸಿ ಸುತ್ತುಗಳನ್ನು ಏರಿಸಿದರೆ ಇಂಜಿನು ಕೆಲವೇ ತಿಂಗಳಲ್ಲಿ ಮುಗಿಯುವುದು.

ಇದಕ್ಕೆ ಪರಿಹಾರ ಕ್ರೌನು ಪಿನಿಯನ್ನುಗಳನ್ನು ಬದಲಿಸುವುದು. 11 ಮತ್ತು 41 ಹಲ್ಲಿನ ಜೋಡಿಯಿಂದ ಅದೇ ಇಂಜಿನಿಗೆ ಗಂಟೆಗೆ ಸುಮಾರು 72 ಕಿಲೋಮೀಟರು ವೇಗ ಸಿಕ್ಕುವುದು. ಆದರೆ ವೇಗ ಹೆಚ್ಚಿದಷ್ಟೂ ಎಳೆಯುವ ಬಲ ಕುಗ್ಗುವುದು ಯಂತ್ರಶಾಸ್ತ್ರದ ನಿಯಮ. ಇಲ್ಲಿ ಹತ್ತರಲ್ಲಿ ಮೂರು ಪಾಲು ಹೋಗುವುದು. ಮರಳು ಹಳ್ಳವನ್ನು ದಾಟಬೇಕಾದ ರೈತನು ಇದನ್ನು ಮೊದಲೇ ತೂಗಿ ನೋಡಬೇಕು. ನಾಲ್ಕು ಚಕ್ರಕ್ಕೂ ಎಳೆತವಿರುವ ಗಾಡಿಯಾದರೆ ಮುಂದಿನ ಆಕ್ಸಲನ್ನೂ ಅದೇ ಹಲ್ಲಿನ ಜೋಡಿಗೆ ಬದಲಿಸದೆ ಬಿಡಕೂಡದು. ಬಿಟ್ಟರೆ ಮುಂದಿನ ಹಿಂದಿನ ಚಕ್ರಗಳು ಒಂದನ್ನೊಂದು ಎಳೆದಾಡಿ ಗೇರುಗಳನ್ನು ಮುರಿಯುವುವು. ಗಾಡಿಗಾಗಿಯೇ ಮಾಡಿದ, 4,000 ಸುತ್ತಿನ ಮೇಲೂ ತಿರುಗುವ ಡೀಸೆಲ್ ಇಂಜಿನು ದೊರೆತರೆ ಈ ತೊಡಕುಗಳೆಲ್ಲ ಕಡಮೆ.

ಇಂಜಿನಿಗೂ ಗೇರ್‌ಬಾಕ್ಸಿಗೂ ನಡುವೆ ಹಾಕುವ ಅಡಾಪ್ಟರ್ ತಟ್ಟೆಯ ಕೆಲಸದಲ್ಲಿ ಕಣ್ಣಂದಾಜು ನಡೆಯುವುದಿಲ್ಲ. ಕ್ರ್ಯಾಂಕಿನ ನಡುಗೆರೆಯೂ ಗೇರ್‌ಬಾಕ್ಸಿನ ಶಾಫ್ಟಿನ ನಡುಗೆರೆಯೂ ಒಂದೇ ಆಗಿರಬೇಕು. ಫ್ಲೈವೀಲಿಗೆ ಡಯಲ್ ಗೇಜನ್ನು ಕಟ್ಟಿ ತಿರುಗಿಸಿದಾಗ ಮುಳ್ಳು ಮಿಲಿಮೀಟರಿನ ಹತ್ತರಲ್ಲೊಂದೆರಡು ಪಾಲಿಗಿಂತ ಹೆಚ್ಚು ಆಡಕೂಡದು. ವೆಲ್ಡಿಂಗಿನ ತಟ್ಟೆಯು ಕಾವಿಗೆ ಡೊಂಕುವುದರಿಂದ ಅದನ್ನು ವೆಲ್ಡ್ ಆದ ಮೇಲೆ ಲೇತಿನಲ್ಲಿ ಮುಖ ಮಟ್ಟಮಾಡಿಸತಕ್ಕದ್ದು. ಇದನ್ನು ಅಲಕ್ಷ್ಯ ಮಾಡಿದ ಗಾಡಿಗಳಲ್ಲಿ ಪೈಲಟ್ ಬೇರಿಂಗು ಮತ್ತೆ ಮತ್ತೆ ಒಡೆಯುವುದೂ, ಗೇರು ತಾನಾಗಿ ಜಾರುವುದೂ ಕಂಡುಬರುವುದು. ಮಾಲೀಕನು ಕ್ಲಚ್ಚನ್ನು ದೂರುತ್ತ ಹಣ ಕಳೆಯುವನು.

ಡೀಸೆಲ್ ಇಂಜಿನಿನ ತೂಕ ಹೆಚ್ಚು, ನಡುಕವೂ ಹೆಚ್ಚು. ಪೆಟ್ರೋಲ್ ಇಂಜಿನು ಗಾಳಿಯನ್ನು ಏಳರಲ್ಲೊಂದು ಪಾಲಿಗೆ ಒತ್ತಿದರೆ ಡೀಸೆಲು ಹದಿನಾರರಿಂದ ಇಪ್ಪತ್ತೆರಡರಲ್ಲೊಂದು ಪಾಲಿಗೆ ಒತ್ತುವುದು. ಆದುದರಿಂದ ಫೌಂಡೇಶನ್ನಿನ ರಬ್ಬರುಗಳು ಆ ಇಂಜಿನಿಗೆ ತಕ್ಕವಾಗಿರಬೇಕು. ಮುಂದಿನ ಕಮಾನುಗಳಿಗೆ ಪಟ್ಟಿ ಸೇರಿಸಬೇಕಾದೀತು. ಸ್ಟಾರ್ಟರಿಗೆ ದೊಡ್ಡ ಬ್ಯಾಟರಿ ಬೇಕು. ಪೆಟ್ರೋಲ್ ಟ್ಯಾಂಕನ್ನು ತೊಳೆದು, ನೀರು ಬೇರ್ಪಡಿಸುವ ಫಿಲ್ಟರನ್ನೂ, ಇಂಜೆಕ್ಟರಿನಿಂದ ಹಿಂದಿರುಗುವ ಎಣ್ಣೆಗೆ ಪ್ರತ್ಯೇಕ ಕೊಳವೆಯನ್ನೂ ಇಡಬೇಕು. ಏಪ್ರಿಲ್ ತಿಂಗಳ ಬಿಸಿಲಿನಲ್ಲಿ ಮೂಟೆ ತುಂಬಿ ಏರು ಹತ್ತುವಾಗ ಹಳೆಯ ರೇಡಿಯೇಟರು ಸಾಲದೆ ಹೋಗಬಹುದು. ಫ್ಯಾನಿನ ಸುತ್ತ ತಗಡಿನ ಹೊದಿಕೆಯಿದ್ದರೆ ಗಾಳಿಯು ಪಕ್ಕಕ್ಕೆ ಸೋರದೆ ರೇಡಿಯೇಟರಿನ ಮೂಲಕವೇ ಬರುವುದು.

ಪ್ರಾಣಕ್ಕೆ ಸಂಬಂಧಿಸಿದ ಎರಡು ಮಾತುಗಳನ್ನು ಇಲ್ಲಿ ಒತ್ತಿ ಹೇಳಬೇಕಾಗಿದೆ. ಪೆಟ್ರೋಲ್ ಇಂಜಿನನ್ನು ಕೀಲಿ ತಿರುಗಿಸಿ ಕಿಡಿಯನ್ನು ನಿಲ್ಲಿಸಿದರೆ ಅದು ನಿಲ್ಲುವುದು. ಹಳೆಯ ಬಗೆಯ ಡೀಸೆಲಿನಲ್ಲಿ ಕಿಡಿಯೇ ಇಲ್ಲ. ಎಣ್ಣೆಯನ್ನು ತಡೆಯುವ ಎಳೆತಂತಿಯನ್ನು ಚಾಲಕನ ಕೈಗೆಟುಕುವಂತೆ ಇಡದಿದ್ದರೆ ಕೀಲಿಯನ್ನು ಕಿತ್ತುಕೊಂಡರೂ ಇಂಜಿನು ಓಡುತ್ತಲೇ ಇರುವುದು. ಇನ್ನೊಂದು, ಬ್ರೇಕು. ಬೂಸ್ಟರ್ ಇರುವ ಗಾಡಿಯಲ್ಲಿ ಪೆಟ್ರೋಲ್ ಇಂಜಿನಿನ ಉಸಿರೆಳೆತವೇ ಬೂಸ್ಟರಿಗೆ ಬಲ ಕೊಡುತ್ತಿತ್ತು. ಡೀಸೆಲಿನಲ್ಲಿ ಆ ಎಳೆತವಿಲ್ಲ. ವ್ಯಾಕ್ಯೂಮ್ ಪಂಪನ್ನು ಬೇರೆಯಾಗಿ ಜೋಡಿಸದೆ ಗಾಡಿಯನ್ನು ಹೊರಡಿಸಿದರೆ ಮೊದಲನೆಯ ಇಳಿಜಾರಿನಲ್ಲಿಯೇ ಪೆಡಲು ಕಲ್ಲಿನಂತೆ ನಿಲ್ಲುವುದು. ಬೂಸ್ಟರಿಲ್ಲದ ಹಳೆಯ ಡ್ರಮ್ ಬ್ರೇಕಿನ ಗಾಡಿಯಲ್ಲಿ, ಇಂಜಿನು ಬಲವಾಯಿತೆಂದು ಮೂಟೆಗಳನ್ನು ಹೆಚ್ಚಿಸುವುದು ಸಲ್ಲದು. ಇಂಜಿನು ಎಳೆದುದನ್ನೆಲ್ಲ ಬ್ರೇಕು ತಡೆಯಲಾರದು.

ಕಾನೂನಿನ ವಿಚಾರವನ್ನು ಕೆಲಸ ಮುಗಿದ ಮೇಲೆ ನೋಡಿಕೊಳ್ಳುವ ಅಭ್ಯಾಸವು ಬಹಳ ಹಾನಿಕರ. 1988ರ ಮೋಟಾರು ವಾಹನ ಕಾಯಿದೆಯ 52ನೆಯ ಪ್ರಕರಣದಂತೆ, ನೋಂದಣಿ ಪತ್ರದಲ್ಲಿನ ವಿವರಗಳು ತಯಾರಕರು ಮೂಲದಲ್ಲಿ ಗೊತ್ತುಪಡಿಸಿದುದಕ್ಕಿಂತ ಬೇರೆಯಾಗುವಂತೆ ವಾಹನವನ್ನು ಮಾರ್ಪಡಿಸುವ ಹಾಗಿಲ್ಲ. 2019ರ ಜನವರಿಯಲ್ಲಿ ಸರ್ವೋಚ್ಚ ನ್ಯಾಯಾಲಯವೂ ಇದನ್ನೇ ಎತ್ತಿಹಿಡಿಯಿತು. ಅದೇ ವರ್ಷದ ತಿದ್ದುಪಡಿಯಿಂದ, ಅನುಮತಿಯಿಲ್ಲದ ಮಾರ್ಪಾಡಿಗೆ ಮಾಲೀಕನು ಆರು ತಿಂಗಳವರೆಗೆ ಸೆರೆವಾಸಕ್ಕೋ, ಮಾರ್ಪಾಡೊಂದಕ್ಕೆ 5,000 ರೂಪಾಯಿ ದಂಡಕ್ಕೋ, ಎರಡಕ್ಕೂ ಗುರಿಯಾಗಬಹುದು. ಆದ್ದರಿಂದ ಅದೇ ಮಾದರಿಯ ಗಾಡಿಗೆ ತಯಾರಕರೇ ಇಡುತ್ತಿದ್ದ ಇಂಜಿನನ್ನು ಹುಡುಕುವುದು ಎಲ್ಲಕ್ಕಿಂತ ಕ್ಷೇಮ. ಅದಕ್ಕೂ, ಮುಂಗಡವಾಗಿ ಚಿತ್ರದುರ್ಗದ ಪ್ರಾದೇಶಿಕ ಸಾರಿಗೆ ಕಛೇರಿಯಲ್ಲಿ ವಿಚಾರಿಸಿ ಲಿಖಿತ ಒಪ್ಪಿಗೆಯನ್ನು ಪಡೆಯತಕ್ಕದ್ದು. ಒಪ್ಪಿಗೆ ಸಿಕ್ಕದ ಪಕ್ಷದಲ್ಲಿ ಹಳೆಯ ಇಂಜಿನನ್ನೇ ರಿಪೇರಿ ಮಾಡಿಸುವುದು ಉಳಿದಿರುವ ದಾರಿ. ಗುಜರಿಯಿಂದ ಇಂಜಿನು ಕೊಳ್ಳುವವನು ಅದರ ಸಂಖ್ಯೆ ಕಾಣಿಸಿದ ರಸೀದಿಯನ್ನು ಕೇಳಿ ಪಡೆಯಬೇಕು. ಸಂಖ್ಯೆಯನ್ನು ಅರೆದು ಅಳಿಸಿರುವ ಇಂಜಿನನ್ನು ಎಷ್ಟು ಅಗ್ಗವಾದರೂ ಮುಟ್ಟಕೂಡದು. ಪತ್ರದಲ್ಲಿ ಒಂದು ಇಂಜಿನು, ಗಾಡಿಯಲ್ಲಿ ಇನ್ನೊಂದು ಇದ್ದಾಗ ಅಪಘಾತವಾದರೆ ವಿಮೆಯವರು ತಕರಾರು ಎತ್ತುವರು; ಪರಿಹಾರದ ಹೊರೆಯು ಹೊಲದ ಮೇಲೆ ಬೀಳಬಹುದು.

ಜೋಡಣೆಯಾದ ಗಾಡಿಯನ್ನು ಮೊದಲ 500 ಕಿಲೋಮೀಟರು ಅರ್ಧ ಹೊರೆಯಲ್ಲಿ ಓಡಿಸಿ, ಫೌಂಡೇಶನ್, ಅಡಾಪ್ಟರ್ ತಟ್ಟೆ ಮತ್ತು ಪ್ರೊಪೆಲ್ಲರ್ ಶಾಫ್ಟಿನ ಬೋಲ್ಟುಗಳನ್ನು ಮತ್ತೆ ಬಿಗಿಮಾಡಬೇಕು. ಸೈಲೆನ್ಸರಿನ ಕೊಳವೆಯು ಬ್ರೇಕಿನ ಕೊಳವೆಗೆ ಹತ್ತಿರ ಬಂದಿದೆಯೇ, ಡೀಸೆಲಿನ ರಬ್ಬರು ಚಾಸಿಗೆ ಉಜ್ಜುತ್ತಿದೆಯೇ ಎಂಬುದನ್ನು ಅಡಿಯಲ್ಲಿ ಮಲಗಿ ನೋಡತಕ್ಕದ್ದು. ಗೇರ್‌ಬಾಕ್ಸಿನ ಎಣ್ಣೆಯನ್ನು ಇಳಿಸಿದಾಗ ಅದರಲ್ಲಿ ಹೊಳೆಯುವ ಪುಡಿ ಕಂಡರೆ ನಡುಗೆರೆಯು ಕೂಡಿಲ್ಲವೆಂದು ತಿಳಿದು, ಸುಗ್ಗಿಗೆ ಮುಂಚೆಯೇ ಬಿಚ್ಚಿಸಿ ಮತ್ತೊಮ್ಮೆ ಅಳೆಯಿಸಬೇಕು.